ಬೆರಳಿನಲ್ಲಿ 98, ನರತಂತುವಿನಲ್ಲಿ ಬರ

ಪ್ರಶ್ನೆ: ನನ್ನ ಅಕ್ಕನಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಬಂದು 11 ವರ್ಷವಾಯಿತು. ಮೊದಲೆಲ್ಲ ಕಾಯಿಲೆ ಜೋರಾಗುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಎರಡು ವರ್ಷದಿಂದ ಅಂಥದ್ದೇನೂ ಇಲ್ಲ. ಆದರೂ ನಡಿಗೆ ಮಾತ್ರ ನಿಧಾನವಾಗಿ ಕೆಡುತ್ತಲೇ ಇದೆ. ಆಕ್ಸಿಜನ್ ಕಡಿಮೆಯಾದರೆ ನರತಂತುಗಳು ಸಾಯುತ್ತವೆ ಎಂದು ಎಲ್ಲೋ ಓದಿದೆ. ಅವಳ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ ಯಾವಾಗ ನೋಡಿದರೂ 98. ಹಾಗಾದರೆ ಕೊರತೆ ಎಲ್ಲಿದೆ? ಮನೆಯಲ್ಲಿ ಆಕ್ಸಿಜನ್ ಯಂತ್ರ ಇಡಬೇಕಾ? ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಕೊಡುವ ಹೈಪರ್‌ಬ್ಯಾರಿಕ್ ಚೇಂಬರ್‌ಗೆ ಕರೆದುಕೊಂಡು ಹೋಗಬೇಕಾ? ಅವಳು ಸಿಗರೇಟು ಬಿಟ್ಟಿಲ್ಲ, ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾಳೆ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಉತ್ತರ: ಮೊದಲು ಆಕ್ಸಿಮೀಟರ್ ವಿಷಯ. ಅದು ಸುಳ್ಳು ಹೇಳುತ್ತಿಲ್ಲ. ಆದರೆ ನೀವು ತಿಳಿಯಬೇಕೆಂದಿರುವುದು ಅದಕ್ಕೆ ಗೊತ್ತೇ ಇಲ್ಲ. ಬೆರಳಿನ ರಕ್ತದಲ್ಲಿ ಹರಿಯುತ್ತಿರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲು ಆಕ್ಸಿಜನ್ ಹೊತ್ತಿದೆ ಎಂದಷ್ಟೇ ಅದು ಹೇಳುತ್ತದೆ. ನೂರು ಲಾರಿಯಲ್ಲಿ 98 ತುಂಬಿವೆ ಎಂದಂತೆ. ಒಟ್ಟು ಎಷ್ಟು ಲಾರಿ ಹೊರಟಿವೆ, ಅವು ಯಾವ ಬೀದಿಗೆ ಹೋದವು, ಅಲ್ಲಿ ಸರಕು ಇಳಿಯಿತೇ, ಇಳಿದ ಮೇಲೆ ಅದನ್ನು ಯಾರಾದರೂ ಬಳಸಿದರೇ ಎಂಬುದು ಅದಕ್ಕೆ ಕಾಣುವುದಿಲ್ಲ. ರಕ್ತಹೀನತೆ ಇರುವವರಿಗೂ ಅದು 98 ತೋರಿಸುತ್ತದೆ.

ಎಂಎಸ್ ಎಂದರೆ ದೇಹದ ರಕ್ಷಣಾ ಕೋಶಗಳೇ ಮೆದುಳು, ಬೆನ್ನುಹುರಿಯ ನರತಂತುಗಳ ಹೊದಿಕೆಯನ್ನು ಕೆಡಿಸುವ ಕಾಯಿಲೆ. ನಿಮ್ಮ ಅಕ್ಕನ ತೊಂದರೆ ಇರುವುದು ಆ ದಾರಿಯ ಕೊನೆಯಲ್ಲಿ, ನರತಂತುವಿನ ಒಳಗೆ. ಅಲ್ಲಿ ಆಕ್ಸಿಜನ್ ತಲುಪುವುದೂ ಕಡಿಮೆಯಾಗಬಹುದು. ತಲುಪಿದ್ದು ಬಳಕೆಯಾಗದೇ ಇರಬಹುದು. ಇಲ್ಲವೇ ತಂತುವಿನ ಖರ್ಚೇ ಏರಿ, ಮೊದಲು ಸಾಕಾಗುತ್ತಿದ್ದ ಆಕ್ಸಿಜನ್ ಈಗ ಸಾಲದೇ ಹೋಗಬಹುದು. ಈ ಮೂರೂ ಸೇರಿದಾಗ ತಂತು ಮುರಿಯುತ್ತದೆ. ನೀವು ಓದಿದ ‘ಆಕ್ಸಿಜನ್ ಕೊರತೆ’ ಎಂಬ ಮಾತಿನ ಒಳಗೆ ಇಷ್ಟೆಲ್ಲ ಇದೆ. ಒಂದೊಂದಾಗಿ ಬಿಡಿಸುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ನರತಂತುವಿನ ಆಕಾರವೇ ವಿಚಿತ್ರ. ನರಕೋಶದ ದೇಹದಿಂದ ಹೊರಟು ಸಂದೇಶ ಒಯ್ಯುವ ಎಳೆಯನ್ನು ಆಕ್ಸಾನ್ ಎನ್ನುತ್ತೇವೆ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ಆಕ್ಸಾನ್ ಸುಮಾರು ಒಂದು ಮೀಟರ್ ಇರುತ್ತದೆ. ಕೋಶದ ದೇಹವನ್ನು ಒಂದು ಫುಟ್‌ಬಾಲ್‌ನಷ್ಟು ದೊಡ್ಡದು ಮಾಡಿ ನೋಡಿ. ಆಗ ಆಕ್ಸಾನ್ ಬೆರಳಷ್ಟು ದಪ್ಪದ ಹಗ್ಗವಾಗುತ್ತದೆ. ಉದ್ದ ಮಾತ್ರ 10 ಕಿಲೋಮೀಟರ್! ಹೊಸ ಮೈಟೋಕಾಂಡ್ರಿಯಾ, ಅಂದರೆ ಆಕ್ಸಿಜನ್ ಬಳಸಿ ಶಕ್ತಿ ತಯಾರಿಸುವ ಘಟಕಗಳು, ಬಹುಮಟ್ಟಿಗೆ ಆ ಫುಟ್‌ಬಾಲ್‌ನಲ್ಲಿ ಹುಟ್ಟಿ ಹಗ್ಗದ ಉದ್ದಕ್ಕೂ ಸಾಗಬೇಕು. ಅವುಗಳ ವೇಗ ಸೆಕೆಂಡಿಗೆ ಅರ್ಧದಿಂದ ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಎಲ್ಲೂ ನಿಲ್ಲದೆ ನಡೆದರೂ ಒಂದು ಮೀಟರ್ ದಾಟಲು ಎರಡು ಮೂರು ವಾರ ಬೇಕು. ಆ ಸಾಗಾಣಿಕೆಗೂ ಶಕ್ತಿ ಖರ್ಚಾಗುತ್ತದೆ. ದಾರಿಯ ಮಧ್ಯೆ ಎಲ್ಲೋ ಒಂದು ಕಡೆ ಶಕ್ತಿ ಕೈಕೊಟ್ಟರೆ ಅದರಾಚೆಗಿನ ಪೂರ್ತಿ ತುಂಡು ಅನಾಥ.

ಇಷ್ಟಕ್ಕೂ ಅದಕ್ಕೆ ಶಕ್ತಿ ಏಕೆ ಬೇಕು? ನೀರು ಸೋರುವ ದೋಣಿಯನ್ನು ನೆನೆಯಿರಿ. ಆಕ್ಸಾನ್ ಹೊರಗೆ ಸೋಡಿಯಂ ಜಾಸ್ತಿ, ಒಳಗೆ ಕಡಿಮೆ. ಸಂದೇಶ ಹೋಗುವುದೆಂದರೆ ಪೊರೆಯಲ್ಲಿನ ಬಾಗಿಲುಗಳು ಕ್ಷಣ ತೆರೆದು ಒಂದಿಷ್ಟು ಸೋಡಿಯಂ ಒಳಗೆ ನುಗ್ಗುವುದು. ನುಗ್ಗಿದ್ದನ್ನು ಎತ್ತಿ ಹೊರಗೆ ಹಾಕಲೇಬೇಕು. ಅದಕ್ಕೊಂದು ಪಂಪ್ ಇದೆ. ಒಂದು ಎಟಿಪಿ, ಅಂದರೆ ಕೋಶದ ಶಕ್ತಿಯ ನಾಣ್ಯ, ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ ತಳ್ಳುತ್ತದೆ, ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಸುಮ್ನೆ ಮಲಗಿದ್ದಾಗಲೂ ಈ ಕೆಲಸ ನಿಲ್ಲುವುದಿಲ್ಲ. ನಮ್ಮ ತೂಕದಲ್ಲಿ ಶೇಕಡಾ 2ರಷ್ಟಿರುವ ಮೆದುಳು ವಿಶ್ರಾಂತಿಯಲ್ಲೂ ಶೇಕಡಾ 20ರಷ್ಟು ಆಕ್ಸಿಜನ್ ತಿನ್ನುತ್ತದಲ್ಲ, ಅದರ ದೊಡ್ಡ ಪಾಲು ಈ ಪಂಪ್‌ಗಳ ಬಾಯಿಗೆ ಹೋಗುತ್ತದೆ. ಆಕ್ಸಿಜನ್ ಇದ್ದರೆ ಒಂದು ಗ್ಲೂಕೋಸ್‌ನಿಂದ ಸುಮಾರು 30 ಎಟಿಪಿ ಸಿಗುತ್ತದೆ. ಇಲ್ಲದಿದ್ದರೆ ಬರೀ 2.

ಪ್ರಕೃತಿ ಈ ಖರ್ಚನ್ನು ಇಳಿಸಲು ಒಂದು ಜಾಣ ಉಪಾಯ ಮಾಡಿದೆ. ಅದೇ ಮಯಲಿನ್ ಹೊದಿಕೆ. ಆಕ್ಸಾನ್‌ಗೆ ಕೊಬ್ಬಿನ ಪದರ ಸುತ್ತಿ, ನಡುನಡುವೆ ಸುಮಾರು ಒಂದು ಮೈಕ್ರಾನ್ ಅಗಲದ ಗಂಟುಗಳನ್ನಷ್ಟೇ ತೆರೆದಿಟ್ಟಿದೆ. ಎರಡು ಗಂಟುಗಳ ನಡುವಿನ ಹೊದಿಕೆ ಅದರ ನೂರಾರು ಪಟ್ಟು ಉದ್ದ. ಸೋಡಿಯಂ ಬಾಗಿಲುಗಳು ಗಂಟಿನಲ್ಲಿ ಮಾತ್ರ ಗುಂಪಾಗಿ ಇರುತ್ತವೆ. ಸಂದೇಶ ಗಂಟಿನಿಂದ ಗಂಟಿಗೆ ಜಿಗಿಯುತ್ತದೆ. ದೋಣಿ ಸೋರುವ ಜಾಗ ಕಡಿಮೆ, ಎತ್ತಿ ಹಾಕಬೇಕಾದ ನೀರೂ ಕಡಿಮೆ. ಅಷ್ಟೇ ಅಲ್ಲ. ಮಯಲಿನ್ ಸುತ್ತುವ ಕೋಶಗಳು ಲ್ಯಾಕ್ಟೇಟ್ ರೂಪದಲ್ಲಿ ಆಕ್ಸಾನ್‌ಗೆ ಊಟವನ್ನೂ ಕೊಡುತ್ತವೆ ಎಂದು 2012ರಲ್ಲಿ ಎರಡು ಬೇರೆ ಬೇರೆ ತಂಡಗಳು ತೋರಿಸಿದವು. ಮಯಲಿನ್ ಎಂದರೆ ತಂತಿಯ ಮೇಲಿನ ಪ್ಲಾಸ್ಟಿಕ್ ಎಂದು ನಾವು ವಿದ್ಯಾರ್ಥಿಗಳಾಗಿದ್ದಾಗ ಓದಿದ್ದೆವು. ಆ ಹೋಲಿಕೆ ಈಗ ಹಳೆಯದಾಯಿತು. ಯಾವ ಪ್ಲಾಸ್ಟಿಕ್ ತಂತಿಗೆ ಊಟ ಹಾಕುತ್ತದೆ ಹೇಳಿ?

ಈಗ ಆಕ್ಸಿಜನ್ ನಿಲ್ಲಿಸಿ ನೋಡೋಣ. ಇದನ್ನು ನಿಜವಾಗಿಯೇ ಮಾಡಿ ನೋಡಿದ್ದಾರೆ. 1990ರ ಸುಮಾರಿಗೆ ಪೀಟರ್ ಸ್ಟಿಸ್, ಬ್ರೂಸ್ ರಾನ್ಸಮ್, ಸ್ಟೀಫನ್ ವ್ಯಾಕ್ಸ್‌ಮನ್ ಸೇರಿ ಇಲಿಯ ಕಣ್ಣಿನ ನರವನ್ನು ಹೊರತೆಗೆದು, ದ್ರಾವಣದಲ್ಲಿ ಜೀವಂತವಾಗಿಟ್ಟು, 60 ನಿಮಿಷ ಆಕ್ಸಿಜನ್ ತಪ್ಪಿಸಿದರು. ಮತ್ತೆ ಆಕ್ಸಿಜನ್ ಕೊಟ್ಟಾಗ ನರದ ಕೆಲಸದಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಮರಳಿತು. ಆಮೇಲೆ ಅದೇ ಪ್ರಯೋಗವನ್ನು ದ್ರಾವಣದಲ್ಲಿ ಕ್ಯಾಲ್ಸಿಯಂ ಇಲ್ಲದೆ ಮಾಡಿದರು. ಆಕ್ಸಿಜನ್ ಅಷ್ಟೇ ಹೊತ್ತು ಇರಲಿಲ್ಲ. ಆದರೂ ನರ ಪೂರ್ತಿ ಚೇತರಿಸಿಕೊಂಡಿತು!

ಇಲ್ಲಿ ಸ್ವಲ್ಪ ನಿಲ್ಲಿ. ನನ್ನ ಮಟ್ಟಿಗೆ ಈ ಇಡೀ ವಿಷಯದ ಜೀವಾಳ ಇದೇ ಪ್ರಯೋಗ. ಆಕ್ಸಿಜನ್ ಇಲ್ಲದಿರುವುದು ತಾನಾಗಿ ತಂತುವನ್ನು ಕೊಲ್ಲಲಿಲ್ಲ. ಅದು ಬಾಗಿಲು ತೆರೆದಿಟ್ಟಿತು, ಕೊಂದದ್ದು ಒಳಗೆ ನುಗ್ಗಿದ ಕ್ಯಾಲ್ಸಿಯಂ.

ಅದು ನುಗ್ಗಿದ್ದು ಹೇಗೆ? ಎಟಿಪಿ ಮುಗಿಯುತ್ತದೆ. ಪಂಪ್ ನಿಲ್ಲುತ್ತದೆ. ಪೂರ್ತಿ ಮುಚ್ಚದ ಕೆಲವು ಸೋಡಿಯಂ ಬಾಗಿಲುಗಳಿಂದ ಸೋಡಿಯಂ ಸೋರುತ್ತಲೇ ಇರುತ್ತದೆ. ದೋಣಿ ತುಂಬುತ್ತದೆ. ಇನ್ನು ಪೊರೆಯಲ್ಲಿ ಇನ್ನೊಂದು ಯಂತ್ರವಿದೆ. ಅದರ ಮಾಮೂಲಿ ಕೆಲಸ ಮೂರು ಸೋಡಿಯಂ ಒಳಗೆ ಬಿಟ್ಟುಕೊಂಡು ಒಂದು ಕ್ಯಾಲ್ಸಿಯಂ ಹೊರಗೆ ಹಾಕುವುದು. ಅದು ಕಾವಲುಗಾರ. ಏಕೆಂದರೆ ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಹೆಚ್ಚು. ಆದರೆ ಒಳಗೆ ಸೋಡಿಯಂ ತುಂಬಿಬಿಟ್ಟರೆ ಈ ಯಂತ್ರ ಹಿಂದುಮುಂದಾಗಿ ತಿರುಗುತ್ತದೆ. ಸೋಡಿಯಂ ಹೊರಗೆ ಹಾಕಿ ಕ್ಯಾಲ್ಸಿಯಂ ಒಳಗೆ ತರಲು ಶುರು ಮಾಡುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಒಳಗೆ ಬಂದ ಕ್ಯಾಲ್ಸಿಯಂ ಕ್ಯಾಲ್ಪೇನ್ ಎಂಬ ಕತ್ತರಿಯನ್ನು ಎಬ್ಬಿಸುತ್ತದೆ. ಅದು ಆಕ್ಸಾನ್‌ನ ಒಳಗಿನ ಹಂದರವನ್ನು, ಅಂದರೆ ನ್ಯೂರೋಫಿಲಮೆಂಟ್ ಎಂಬ ಎಳೆಗಳನ್ನು, ಕತ್ತರಿಸುತ್ತದೆ. ಸಾಗಾಣಿಕೆಯ ಹಳಿಗಳು ಮುರಿಯುತ್ತವೆ. ಮೈಟೋಕಾಂಡ್ರಿಯಾ ಊದಿಕೊಂಡು ಇನ್ನಷ್ಟು ಕೆಡುತ್ತವೆ. ಈಗ ಎಂಎಸ್ ರೋಗಿಗಳ ರಕ್ತದಲ್ಲಿ ‘ನ್ಯೂರೋಫಿಲಮೆಂಟ್ ಲೈಟ್’ ಎಂದು ಒಂದು ಪರೀಕ್ಷೆ ಮಾಡುತ್ತಾರೆ, ಕೇಳಿರಬಹುದು. ಹೀಗೆ ಹಾಳಾದ ಹಂದರದಿಂದ ರಕ್ತಕ್ಕೆ ಸೋರಿದ ಚೂರುಗಳನ್ನೇ ಅದು ಅಳೆಯುವುದು.

ಕೊನೆಯ ಹಂತ ಇನ್ನೂ ವಿಚಿತ್ರ. ಕಪ್ಪೆಯ ನರ ಕತ್ತರಿಸಿದರೆ ಆಚೆಗಿನ ತುಂಡು ಚೂರುಚೂರಾಗುತ್ತದೆ ಎಂದು ಅಗಸ್ಟಸ್ ವಾಲರ್ 1850ರಲ್ಲೇ ಬರೆದರು. ಊಟ ಸಿಗದೆ ಒಣಗಿತು ಎಂದು ನೂರು ವರ್ಷಕ್ಕೂ ಹೆಚ್ಚು ಕಾಲ ಎಲ್ಲರೂ ಅಂದುಕೊಂಡಿದ್ದರು. 1989ರಲ್ಲಿ ಒಂದು ಜಾತಿಯ ಇಲಿ ಸಿಕ್ಕಿತು. ಅದರಲ್ಲಿ ಕತ್ತರಿಸಿದ ತುಂಡು ವಾರಗಟ್ಟಲೆ ಬದುಕುತ್ತಿತ್ತು! 2012ರಲ್ಲಿ ಎಸ್‌ಎಆರ್‌ಎಂ-1 ಎಂಬ ಪ್ರೋಟೀನ್‌ನ ಪಾತ್ರ ಗೊತ್ತಾಯಿತು. ಆಕ್ಸಾನ್ ಸಂಕಟದಲ್ಲಿದ್ದಾಗ ಇದು ಎಚ್ಚೆತ್ತು, ಶಕ್ತಿ ತಯಾರಿಕೆಗೆ ಬೇಕಾದ ಎನ್‌ಎಡಿ ಎಂಬ ಪದಾರ್ಥವನ್ನೇ ನಾಶ ಮಾಡುತ್ತದೆ. ಅಂದರೆ ಆಕ್ಸಾನ್ ಸುಮ್ನೆ ಸಾಯುವುದಿಲ್ಲ. ಒಂದು ಗೆರೆ ದಾಟಿದ ಮೇಲೆ ತನ್ನನ್ನು ತಾನೇ ಕೆಡವಿಕೊಳ್ಳುತ್ತದೆ. ಆ ಗೆರೆಯ ಈಚೆ ಇರುವವರೆಗೆ ಅದನ್ನು ಉಳಿಸಬಹುದು. ಇದನ್ನು ತಡೆಯುವ ಔಷಧಿಗಳ ಹುಡುಕಾಟ ಜೋರಾಗಿಯೇ ನಡೆದಿದೆ.

ಇದೆಲ್ಲ ಪ್ರಯೋಗಾಲಯದ ಕಥೆ, ಅಕ್ಕನಿಗೆ ಯಾರೂ ಆಕ್ಸಿಜನ್ ತಪ್ಪಿಸಿಲ್ಲವಲ್ಲ ಎನ್ನುತ್ತೀರಿ. ಸರಿ. ಎಂಎಸ್‌ನಲ್ಲಿ ಏನಾಗುತ್ತದೆ ನೋಡೋಣ.

ಒಂದನೆಯದು, ಪೂರೈಕೆ. ಮೆದುಳಿನ ಬಿಳಿಭಾಗಕ್ಕೆ, ಅಂದರೆ ಆಕ್ಸಾನ್‌ಗಳು ಕಟ್ಟುಕಟ್ಟಾಗಿ ಹೋಗುವ ಜಾಗಕ್ಕೆ, ಮೊದಲಿನಿಂದಲೂ ರಕ್ತ ಕಡಿಮೆ. ಕೋಶಗಳಿರುವ ಬೂದುಭಾಗಕ್ಕೆ ಸಿಗುವುದರ ಅರ್ಧಕ್ಕಿಂತಲೂ ಕಡಿಮೆ. ಅದರಲ್ಲೂ ಕೆಲವು ಜಾಗಗಳು ಎರಡು ರಕ್ತನಾಳಗಳ ಹರಿವು ಮುಗಿಯುವ ಅಂಚಿನಲ್ಲಿವೆ. ಕಾಲುವೆಯ ಕೊನೆಯ ಹೊಲ ಇದ್ದಂತೆ. ಎಲ್ಲ ಸರಿಯಿದ್ದಾಗ ಹೇಗೋ ಸಾಕಾಗುತ್ತದೆ, ನೀರು ಸ್ವಲ್ಪ ಕಡಿಮೆಯಾದರೆ ಮೊದಲು ಒಣಗುವುದು ಅದೇ. ಎಂಎಸ್‌ನ ಕಲೆಗಳು ಇಂಥ ಜಾಗಗಳಲ್ಲಿ ಹೆಚ್ಚು ಕಾಣುತ್ತವೆ. ಇನ್ನು ಉರಿಯೂತ ಬಂದರೆ ಅಲ್ಲಿ ಬಾವು ಬರುತ್ತದೆ, ಹೊಟ್ಟೆಬಾಕ ಪ್ರತಿರಕ್ಷಣಾ ಕೋಶಗಳು ಬಂದು ಕೂರುತ್ತವೆ. ಅವೂ ಆಕ್ಸಿಜನ್ ತಿನ್ನುತ್ತವೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಕೆನೆತ್ ಸ್ಮಿತ್ ಅವರ ತಂಡ ಇದನ್ನು ನೇರವಾಗಿ ಪರೀಕ್ಷಿಸಿತು. ಎಂಎಸ್ ತರಹದ ಕಾಯಿಲೆ ಬರಿಸಿದ ಇಲಿಗಳ ಬೆನ್ನುಹುರಿಯಲ್ಲಿ ನಿಜವಾಗಿಯೂ ಆಕ್ಸಿಜನ್ ಕಡಿಮೆ ಇತ್ತು. ಆ ಇಲಿಗಳಿಗೆ ಹೆಚ್ಚು ಆಕ್ಸಿಜನ್ ಉಸಿರಾಡಲು ಕೊಟ್ಟಾಗ ಒಂದು ಗಂಟೆಯೊಳಗೆ ಅವುಗಳ ಬಲಹೀನತೆ ಸ್ವಲ್ಪ ಇಳಿಯಿತು. ಇದು ಪ್ರಕಟವಾದದ್ದು 2013ರಲ್ಲಿ. ಒಂದು ಗಂಟೆ ಎಂಬುದನ್ನು ಗಮನಿಸಿ. ಅಷ್ಟರಲ್ಲಿ ಮಯಲಿನ್ ಬೆಳೆಯಲಾರದು, ಸತ್ತ ತಂತು ಎದ್ದು ಬರಲಾರದು. ಅಂದರೆ ಕೆಲವು ತಂತುಗಳು ಸತ್ತಿರಲಿಲ್ಲ, ಉಸಿರುಗಟ್ಟಿ ಕೆಲಸ ನಿಲ್ಲಿಸಿದ್ದವು ಅಷ್ಟೇ. ಆಮೇಲೆ 2016ರಲ್ಲಿ ಅದೇ ತಂಡ ಬೆನ್ನುಹುರಿಯಲ್ಲಿ ಉರಿಯೂತ ಬರಿಸಿ ನೋಡಿತು. ರಕ್ತ ಕಡಿಮೆ ಇರುವ ಅಂಚಿನಲ್ಲೇ ಮಯಲಿನ್ ಹೋಯಿತು. ಮೊದಲಿನಿಂದಲೇ ಹೆಚ್ಚು ಆಕ್ಸಿಜನ್ ಕೊಟ್ಟ ಇಲಿಗಳಲ್ಲಿ ಆ ನಷ್ಟ ಕಡಿಮೆಯಾಯಿತು.

ಎರಡನೆಯದು, ಬಂದ ಆಕ್ಸಿಜನ್ ಬಳಸಲು ಆಗದಿರುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇದೆಯಲ್ಲ, ಅದೇ ಇಲ್ಲಿನ ಕಥೆ. ಉರಿಯೂತದ ಕೋಶಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತವೆ. ಮೈಟೋಕಾಂಡ್ರಿಯಾದ ಒಳಗೆ ಆಕ್ಸಿಜನ್ ಹೋಗಿ ಕೂರುವ ಒಂದು ಜಾಗವಿದೆ. ಈ ಅನಿಲ ಅಲ್ಲೇ ಹೋಗಿ ಕೂರುತ್ತದೆ. ಆಕ್ಸಿಜನ್ ಬಾಗಿಲಲ್ಲೇ ನಿಲ್ಲುತ್ತದೆ. ರಕ್ತದಲ್ಲಿ ಎಷ್ಟು ಇದ್ದರೇನು? 2001ರಲ್ಲಿ ಸ್ಮಿತ್ ತಂಡವೇ ಇನ್ನೊಂದು ಮಾತು ತೋರಿಸಿತು. ನೈಟ್ರಿಕ್ ಆಕ್ಸೈಡ್ ಇರುವಲ್ಲಿ ಸುಮ್ಮನಿದ್ದ ಆಕ್ಸಾನ್‌ಗಳು ಬಹುಪಾಲು ಉಳಿದವು. ಸತತವಾಗಿ ಸಂದೇಶ ಒಯ್ಯುತ್ತಿದ್ದವು ಸತ್ತವು. ಆದಾಯ ನಿಂತಾಗ ಹೆಚ್ಚು ಖರ್ಚು ಮಾಡುವವನೇ ಮೊದಲು ದಿವಾಳಿ.

(ಇದನ್ನು ಓದಿ ‘ಹಾಗಾದರೆ ಅಕ್ಕ ವ್ಯಾಯಾಮ ಮಾಡಬಾರದಾ’ ಎಂದು ಹೆದರಬೇಡಿ. ಪ್ರಯೋಗದಲ್ಲಿ ಆ ನರಗಳನ್ನು ವಿದ್ಯುತ್ತಿನಿಂದ ಗಂಟೆಗಟ್ಟಲೆ ಕೆಣಕಿದ್ದರು. ನಡೆದಾಡುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ಎಂಎಸ್ ಇರುವವರಿಗೆ ವ್ಯಾಯಾಮದಿಂದ ಒಳ್ಳೆಯದೇ ಆಗುತ್ತದೆ.)

ಮೂರನೆಯದು, ಖರ್ಚು ಏರುವುದು. ನಿಮ್ಮ ಅಕ್ಕನ ಈಗಿನ ಸ್ಥಿತಿಗೆ ಹೆಚ್ಚು ಹೊಂದುವುದು ಇದೇ ಎಂದು ನನ್ನ ಅಭಿಪ್ರಾಯ. ಉರಿಯೂತ ಇಳಿದಿದೆ, ಬಾವು ಹೋಗಿದೆ. ಆದರೆ ಮಯಲಿನ್ ಕಳೆದುಕೊಂಡ ಜಾಗ ಬತ್ತಲೆಯಾಗಿ ಉಳಿದಿದೆ. ಆ ಆಕ್ಸಾನ್ ಕೆಲಸ ಮುಂದುವರಿಸಬೇಕು. ಅದಕ್ಕಾಗಿ ಗಂಟಿನಲ್ಲಿ ಮಾತ್ರ ಇದ್ದ ಸೋಡಿಯಂ ಬಾಗಿಲುಗಳನ್ನು ಬತ್ತಲೆ ಮೈಯುದ್ದಕ್ಕೂ ಹರಡಿಕೊಳ್ಳುತ್ತದೆ. ಉಪಾಯ ಫಲಿಸುತ್ತದೆ, ಸಂದೇಶ ಮತ್ತೆ ಹೋಗುತ್ತದೆ. ಆದರೆ ದೋಣಿಯ ತಳದಲ್ಲಿ ಈಗ ನೂರು ತೂತು! ಎತ್ತಿ ಹಾಕಬೇಕಾದ ನೀರು ಎಷ್ಟೋ ಪಟ್ಟು. ಊಟ ಕೊಡುತ್ತಿದ್ದ ಮಯಲಿನ್ ಕೋಶವೂ ಇಲ್ಲ. ಆಕ್ಸಾನ್ ತನ್ನ ಒಳಗೆ ಹೆಚ್ಚು ಮೈಟೋಕಾಂಡ್ರಿಯಾ ತರಿಸಿಕೊಂಡು ಹೇಗೋ ತೂಗಿಸುತ್ತದೆ. ಆದರೆ ಕಾಯಿಲೆ ಹಳೆಯದಾದಂತೆ ಅವುಗಳ ಗುಣಮಟ್ಟವೂ ಕುಸಿದಿರುತ್ತದೆ. ಎಂಎಸ್ ಇದ್ದವರ ಮೆದುಳುಗಳನ್ನು ಸಾವಿನ ನಂತರ ಪರೀಕ್ಷಿಸಿದಾಗ ಇದು ಕಂಡಿದೆ. ಹಾನಿಯಾದ ಆಕ್ಸಾನ್‌ಗಳಲ್ಲಿ ಸೋಡಿಯಂ ಬಾಗಿಲು ಮತ್ತು ಆ ಹಿಂದುಮುಂದಾಗುವ ಯಂತ್ರ ಎರಡೂ ಅಕ್ಕಪಕ್ಕದಲ್ಲೇ ಸಿಕ್ಕಿವೆ.

ಆಕ್ಸಿಜನ್ ಅಲ್ಲೇ ಇದೆ, ಆದರೂ ತಂತುವಿನ ಪಾಡು ಆಕ್ಸಿಜನ್ ಇಲ್ಲದವರ ಪಾಡು. ಬ್ರೂಸ್ ಟ್ರ್ಯಾಪ್ ಮತ್ತು ಸ್ಟಿಸ್ ಇದನ್ನು ‘ವರ್ಚುವಲ್ ಹೈಪಾಕ್ಸಿಯಾ’ ಎಂದು ಕರೆದರು. ಹುಸಿ ಕೊರತೆ ಎನ್ನಬಹುದೇನೋ. ಆದರೆ ಹಾನಿ ಮಾತ್ರ ಹುಸಿಯಲ್ಲ.

ಹೊಸ ಉಲ್ಬಣವಿಲ್ಲದೆ ನಡಿಗೆ ಏಕೆ ಕೆಡುತ್ತಿದೆ ಎಂಬುದಕ್ಕೆ ಒಂದು ದೊಡ್ಡ ಕಾರಣ ಇಲ್ಲಿದೆ. ಹಿಂದೆ ಯಾವಾಗಲೋ ಬತ್ತಲೆಯಾದ ತಂತುಗಳು ವರ್ಷಗಟ್ಟಲೆ ಸಾಲದಲ್ಲಿ ಬದುಕು ನೂಕಿ, ಒಂದೊಂದಾಗಿ ಕೈಚೆಲ್ಲುತ್ತವೆ. ಜೊತೆಗೆ ಎಂಆರ್‌ಐನಲ್ಲಿ ಕಾಣದಂಥ ಸಣ್ಣ ಉರಿಯೂತ ಒಳಗೊಳಗೇ ಕುದಿಯುತ್ತಿರಬಹುದು. ಮೊದಮೊದಲು ಮೆದುಳು ಬೇರೆ ದಾರಿ ಹುಡುಕಿಕೊಂಡು ಸರಿತೂಗಿಸುತ್ತದೆ. ಆ ಉಳಿತಾಯ ಮುಗಿದ ಮೇಲೆ ನಷ್ಟ ಹೊರಗೆ ಕಾಣುತ್ತದೆ. ಕಾಲುಗಳೇ ಮೊದಲು ಸೋಲುವುದಕ್ಕೂ ಅರ್ಥವಿದೆ. ಉದ್ದದ ತಂತು ಹೆಚ್ಚು ಕಡೆ ಹಾದುಹೋಗಬೇಕು, ದಾರಿಯಲ್ಲಿ ಏಟು ಬೀಳುವ ಸಾಧ್ಯತೆಯೂ ಜಾಸ್ತಿ.

ಜ್ವರ ಬಂದ ದಿನ ಅಥವಾ ಬಿಸಿನೀರಿನ ಸ್ನಾನವಾದ ಮೇಲೆ ಅವರ ಕಾಲು ಇನ್ನಷ್ಟು ಸೋಲುತ್ತದೆಯೇ? ಹಾಗಿದ್ದರೆ ಅದು ಬೇರೆ ವಿಷಯ, ಗೊಂದಲ ಮಾಡಿಕೊಳ್ಳಬೇಡಿ. ಬಿಸಿಗೆ ಬತ್ತಲೆ ತಂತುವಿನಲ್ಲಿ ಸಂದೇಶ ತಾತ್ಕಾಲಿಕವಾಗಿ ನಿಲ್ಲುತ್ತದೆ. ಇಂಥ ತಾತ್ಕಾಲಿಕ ಸೋಲನ್ನು ಜರ್ಮನಿಯ ಕಣ್ಣಿನ ವೈದ್ಯ ಊಟ್‌ಹಾಫ್ 1890ರಲ್ಲೇ ಬರೆದಿಟ್ಟಿದ್ದಾರೆ. ಮೈ ತಣ್ಣಗಾದರೆ ಸರಿಹೋಗುತ್ತದೆ.

ಇದು ಎಂಎಸ್‌ಗೆ ಮಾತ್ರ ಸೇರಿದ್ದಲ್ಲ. ಬೇರೆ ಕಾಯಿಲೆಗಳನ್ನು ಓಡುತ್ತಲೇ ಹೇಳಿಬಿಡುತ್ತೇನೆ. ಆಕ್ಸಿಜನ್ ಕಡಿಮೆಯಾದಾಗ ರಕ್ತನಾಳ ಬೆಳೆಸುವ ವಿಇಜಿಎಫ್ ಎಂಬ ಪ್ರೋಟೀನ್ ಹೆಚ್ಚಾಗಬೇಕು. 2001ರಲ್ಲಿ ಇಲಿಗಳಲ್ಲಿ ಆ ಸ್ವಿಚ್ ಒಂದನ್ನೇ ಕಿತ್ತರು. ಯಾರೂ ನಿರೀಕ್ಷಿಸದ ರೀತಿಯಲ್ಲಿ ಅವಕ್ಕೆ ದೊಡ್ಡವಾದ ಮೇಲೆ ಎಎಲ್‌ಎಸ್ (ಸ್ನಾಯುಗಳನ್ನು ಆಡಿಸುವ ನರಕೋಶಗಳು ಸಾಯುವ ಕಾಯಿಲೆ) ತರಹದ ಕಾಯಿಲೆ ಬಂತು. ಪಾರ್ಕಿನ್‌ಸನ್‌ನಲ್ಲಿ ಸಾಯುವ ಡೋಪಮಿನ್ ಕೋಶಗಳ ಆಕ್ಸಾನ್‌ಗೆ ಮಯಲಿನ್ ಇಲ್ಲವೆಂದೇ ಹೇಳಬೇಕು, ಕವಲುಗಳು ಲೆಕ್ಕವಿಲ್ಲದಷ್ಟು. ಹಾಗಾಗಿ ಹುಟ್ಟಿನಿಂದಲೇ ದುಬಾರಿ ಖರ್ಚಿನ ಸಂಸಾರ. ಆಲ್‌ಝೈಮರ್ ಇರುವ ಎಷ್ಟೋ ಮಂದಿಯಲ್ಲಿ ಸಣ್ಣ ರಕ್ತನಾಳಗಳೂ ಕೆಟ್ಟಿರುತ್ತವೆ, ಬಿಳಿಭಾಗ ಸವೆದಿರುತ್ತದೆ. ಇವೆಲ್ಲಕ್ಕೂ ಆಕ್ಸಿಜನ್ ಕೊರತೆಯೇ ಮೂಲ ಕಾರಣ ಎಂದು ನಾನು ಹೇಳುತ್ತಿಲ್ಲ. ಬಿದ್ದವನ ಮೇಲೆ ಬೀಳುವ ಇನ್ನೊಂದು ಕಲ್ಲು ಅದು.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಇಲಿಗೆ ಆಕ್ಸಿಜನ್ ಕೊಟ್ಟರೆ ಒಳ್ಳೆಯದಾಯಿತು, ಹಾಗಾದರೆ ಅಕ್ಕನಿಗೂ ಕೊಡೋಣ. ಸಹಜವಾದ ಯೋಚನೆ ಅಲ್ವಾ? ಇದನ್ನು ನಿಮಗಿಂತ ಮೊದಲೇ ಮಾಡಿ ನೋಡಿದ್ದಾರೆ. 1983ರಲ್ಲಿ ಹೈಪರ್‌ಬ್ಯಾರಿಕ್ ಆಕ್ಸಿಜನ್‌ನಿಂದ ಕೆಲವು ಎಂಎಸ್ ರೋಗಿಗಳಿಗೆ ಅನುಕೂಲವಾಯಿತು ಎಂದು ಒಂದು ಸಣ್ಣ ಅಧ್ಯಯನ ಹೇಳಿತು. ಎಲ್ಲೆಲ್ಲೂ ಚೇಂಬರ್‌ಗಳು ಶುರುವಾದವು. ಆಮೇಲೆ ಬಂದ ಅಧ್ಯಯನಗಳು ಅದನ್ನು ಬಹುಮಟ್ಟಿಗೆ ಸುಳ್ಳು ಮಾಡಿದವು. ಎಲ್ಲವನ್ನೂ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆಯೂ ಎಂಎಸ್‌ಗೆ ಇದನ್ನು ಬಳಸಲು ಆಧಾರವಿಲ್ಲ ಎಂದಿತು. ಚೇಂಬರ್‌ನಿಂದ ಕಿವಿಗೆ ಏಟಾಗಬಹುದು, ದೃಷ್ಟಿ ತಾತ್ಕಾಲಿಕವಾಗಿ ಮಂಜಾಗಬಹುದು. ನಾನಾದರೆ ಅಕ್ಕನನ್ನು ಕರೆದುಕೊಂಡು ಹೋಗುವುದಿಲ್ಲ.

ಇಲಿಯಲ್ಲಿ ಆದದ್ದು ಮನುಷ್ಯರಲ್ಲಿ ಏಕೆ ಆಗಲಿಲ್ಲ? ಮೇಲಿನ ಮೂರು ಕಾರಣಗಳನ್ನು ನೆನಪಿಸಿಕೊಳ್ಳಿ. ಆ ಇಲಿಗಳದ್ದು ಹೊಸ ಉರಿಯೂತ, ಪೂರೈಕೆಯ ತೊಂದರೆ. ಅಲ್ಲಿ ಆಕ್ಸಿಜನ್ ಕೆಲಸ ಮಾಡಿತು. ಚೇಂಬರ್‌ಗೆ ಬಂದ ಬಹುಪಾಲು ರೋಗಿಗಳದ್ದು ಹಳೆಯ ಕಾಯಿಲೆ. ಖರ್ಚು ಏರಿ, ಮೈಟೋಕಾಂಡ್ರಿಯಾ ಸೋತು, ಎಷ್ಟೋ ತಂತುಗಳು ಆಗಲೇ ಹೋಗಿರುತ್ತವೆ. ಒಲೆಯೇ ಕೆಟ್ಟಿರುವಾಗ ಸೌದೆ ತಂದು ರಾಶಿ ಹಾಕಿದರೆ ಅನ್ನ ಬೇಯುತ್ತದೆಯೇ?

ಇನ್ನೂ ತಲೆ ತಿರುಗಿಸುವ ವಿಷಯ ಕೇಳಿ. ಕೆಟ್ಟ ಒಲೆಯ ಮುಂದೆ ರಾಶಿ ಬಿದ್ದ ಸೌದೆಯೇ ಬೆಂಕಿ ಹೊತ್ತಿಸಬಹುದು. ಮೈಟೋಕಾಂಡ್ರಿಯಾ ಹುಟ್ಟಿನಿಂದಲೇ ಕೆಟ್ಟಿರುವ ಲೀ ಸಿಂಡ್ರೋಮ್ ಎಂಬ ಕಾಯಿಲೆಯಿದೆ. 2016ರಲ್ಲಿ ವಂಶಿ ಮೂಥಾ ಅವರ ತಂಡ ಅಂಥ ಇಲಿಗಳನ್ನು ಶೇಕಡಾ 11 ಆಕ್ಸಿಜನ್ ಇರುವ ಗಾಳಿಯಲ್ಲಿ ಇಟ್ಟಿತು. ಮಾಮೂಲಿ ಗಾಳಿಯಲ್ಲಿ ಇರುವುದು 21. ಸಾಯುತ್ತವೆ ಎಂದುಕೊಂಡರೆ ಅವು ಹೆಚ್ಚು ಕಾಲ ಬದುಕಿದವು, ಮೆದುಳಿನ ಹಾನಿಯೂ ಕಡಿಮೆಯಾಯಿತು. ಬಳಕೆಯಾಗದೆ ಉಳಿದ ಆಕ್ಸಿಜನ್ ಕೋಶಕ್ಕೆ ವಿಷವಾಗುತ್ತದೆ ಎಂಬುದು ಒಂದು ವಿವರಣೆ. ಹಾಗೆಂದು ಅಕ್ಕನನ್ನು ಬೆಟ್ಟದ ಮೇಲೆ ಇಡಲು ಹೋಗಬೇಡಿ! ಆಕ್ಸಿಜನ್ ಜಾಸ್ತಿಯಾದಷ್ಟೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ ಎಂಬುದಕ್ಕೆ ಹೇಳಿದೆ, ಅಷ್ಟೇ.

ಸೋಡಿಯಂ ಬಾಗಿಲನ್ನೇ ಮುಚ್ಚಿದರೆ? ಈ ಪ್ರಯತ್ನವೂ ಆಗಿದೆ. ಅಪಸ್ಮಾರಕ್ಕೆ ಕೊಡುವ ಕೆಲವು ಮಾತ್ರೆಗಳು ಅದೇ ಕೆಲಸ ಮಾಡುತ್ತವೆ. ನಿಮ್ಮ ಅಕ್ಕನ ತರಹದ, ನಿಧಾನವಾಗಿ ಕೆಡುವ ಎಂಎಸ್‌ನಲ್ಲಿ ಲ್ಯಾಮೋಟ್ರಿಜಿನ್ ಕೊಟ್ಟು ನೋಡಿದ 2010ರ ಪರೀಕ್ಷೆಯಲ್ಲಿ ಮೆದುಳು ಸವೆಯುವುದು ನಿಧಾನವಾಗಲಿಲ್ಲ. 2016ರಲ್ಲಿ, ಕಣ್ಣಿನ ನರಕ್ಕೆ ಆಗತಾನೇ ಉರಿಯೂತ ಬಂದ 86 ಜನರಲ್ಲಿ ಕೆಲವರಿಗೆ ಫೆನಿಟೋಯಿನ್, ಕೆಲವರಿಗೆ ಖಾಲಿ ಮಾತ್ರೆ ಕೊಟ್ಟರು. ಫೆನಿಟೋಯಿನ್ ಪಡೆದವರಲ್ಲಿ ನರತಂತುಗಳ ಪದರದ ನಷ್ಟ ಸುಮಾರು ಶೇಕಡಾ 30ರಷ್ಟು ಕಡಿಮೆಯಾಯಿತು. ಆದರೆ ದೃಷ್ಟಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸಮಯಕ್ಕೆ ಸರಿಯಾಗಿ, ಗೆರೆ ದಾಟುವ ಮುಂಚೆ ಸಿಕ್ಕರೆ ತಂತು ಉಳಿಯುತ್ತದೆ ಎಂಬ ಆಸೆಯನ್ನಂತೂ ಅದು ಹುಟ್ಟಿಸಿದೆ. ದಯವಿಟ್ಟು ಇದನ್ನು ಓದಿ ಅಂಗಡಿಯಿಂದ ಮಾತ್ರೆ ತರಬೇಡಿ. ಅವು ಸಣ್ಣ ಮಾತ್ರೆಗಳಲ್ಲ.

ಮನೆಯ ಆಕ್ಸಿಜನ್ ಯಂತ್ರದ ಬಗ್ಗೆ ನನ್ನ ಉತ್ತರ ಖಡಾಖಂಡಿತ: ಬೇಡ. ಶ್ವಾಸಕೋಶ ಸರಿಯಿದ್ದು 98 ಇರುವವರಿಗೆ ಅದರಿಂದ ರಕ್ತಕ್ಕೆ ಸೇರುವ ಆಕ್ಸಿಜನ್ ತೀರಾ ಸ್ವಲ್ಪ. ಅದಕ್ಕಿಂತ ಮುಖ್ಯವಾಗಿ, ಸಿಗರೇಟು ಸೇದುವವರ ಮನೆಯಲ್ಲಿ ಆಕ್ಸಿಜನ್ ಇಡುವುದು ಅಪಾಯ. ಮೂಗಿನ ಕೊಳವೆ ಹಾಕಿಕೊಂಡೇ ಸಿಗರೇಟು ಹಚ್ಚಿ ಮುಖ ಸುಟ್ಟುಕೊಂಡವರಿದ್ದಾರೆ.

ಸಿಗರೇಟಿನ ಪ್ರಶ್ನೆಗೆ ಬಂದರೆ, ಸಂಬಂಧ ಇದೆ, ಬಹಳ ಇದೆ. ಧೂಮಪಾನಿಗಳಲ್ಲಿ ಎಂಎಸ್ ಬೇಗ ಮುಂದುವರಿಯುತ್ತದೆ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಲಾರಿ ಆಕ್ಸಿಜನ್ ಹೊರುವುದಿಲ್ಲ. ಮಜಾ ಏನೆಂದರೆ ಮಾಮೂಲಿ ಆಕ್ಸಿಮೀಟರ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ವಿಷ ತುಂಬಿದ ಲಾರಿಯನ್ನೂ ತುಂಬಿದ ಲಾರಿ ಎಂದೇ ಎಣಿಸುತ್ತದೆ. ಅಕ್ಕನ 98ರಲ್ಲಿ ಕೆಲವು ಅಂಥವೂ ಇರಬಹುದು. ಇದೇ ಅನಿಲ ದೊಡ್ಡ ಪ್ರಮಾಣದಲ್ಲಿ ಒಳಗೆ ಹೋದ ಕೆಲವರು ಪೂರ್ತಿ ಚೇತರಿಸಿಕೊಂಡಂತೆ ಕಂಡು, ಕೆಲವು ವಾರಗಳ ನಂತರ ಬಿಳಿಭಾಗದ ಮಯಲಿನ್ ಹಾಳಾಗಿ ಮತ್ತೆ ಕುಸಿಯುತ್ತಾರೆ. ಬಿಳಿಭಾಗ ಎಷ್ಟು ಸೂಕ್ಷ್ಮ ಎಂದು ಇದರಿಂದಲೇ ತಿಳಿಯಬಹುದು. ಅಕ್ಕನ ನರಗಳಿಗೆ ನೀವು ಕೊಡಿಸಬಹುದಾದ ಆಕ್ಸಿಜನ್ ಚಿಕಿತ್ಸೆ ಎಂದರೆ ಸಿಗರೇಟು ಬಿಡಿಸುವುದು. ಬೈದರೆ ಬಿಡುವುದಿಲ್ಲ. ವೈದ್ಯರ ಸಹಾಯ, ನಿಕೋಟಿನ್ ಪ್ಯಾಚ್, ಮಾತ್ರೆ ಎಲ್ಲ ಇವೆ, ಬಳಸಿ.

ರಕ್ತಹೀನತೆ ಇದೆಯೇ ಎಂದು ಒಮ್ಮೆ ಪರೀಕ್ಷಿಸಿ. ಮೂತ್ರದ ಸೋಂಕು, ಜ್ವರ ಬಂದರೆ ತಡ ಮಾಡದೆ ತೋರಿಸಿ. ಉಲ್ಬಣ ಇಲ್ಲವೆಂದು ಈಗ ನಡೆಯುತ್ತಿರುವ ಔಷಧಿಯನ್ನು ತಾವಾಗಿ ನಿಲ್ಲಿಸುವುದು ಬೇಡ. ನಡಿಗೆ ಕೆಡುತ್ತಿರುವುದನ್ನು ಅವರ ನರವೈದ್ಯರಿಗೆ ಸ್ಪಷ್ಟವಾಗಿ ಹೇಳಿ. ‘ಮೊದಲಿನ ಹಾಗೇ ಇದ್ದೇನೆ’ ಎಂದು ಹೇಳಿ ಎದ್ದು ಬರುವ ರೋಗಿಗಳು ಜಾಸ್ತಿ. ಆರು ತಿಂಗಳ ಹಿಂದೆ ಎಷ್ಟು ದೂರ ನಡೆಯುತ್ತಿದ್ದರು, ಈಗ ಎಷ್ಟು, ಬರೆದುಕೊಂಡು ಹೋಗಿ.

ಕೊನೆಗೆ ಗೊರಕೆ. ನೀವು ಇದನ್ನು ಸುಮ್ನೆ ಸೇರಿಸಿದಂತಿದೆ, ನನಗೆ ಮಾತ್ರ ಇಡೀ ಪತ್ರದಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇದೇ. ಜೋರು ಗೊರಕೆ, ನಡುವೆ ಉಸಿರು ನಿಂತಂತಾಗಿ ಮತ್ತೆ ಎಳೆದುಕೊಳ್ಳುವುದು, ಹಗಲು ತೂಕಡಿಕೆ ಇದ್ದರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಎಂಎಸ್ ಇರುವವರಲ್ಲಿ ಇದು ಅಪರೂಪವಲ್ಲ. ಹಗಲಿನ ಸುಸ್ತನ್ನು ಎಲ್ಲರೂ ಎಂಎಸ್ ತಲೆಗೆ ಕಟ್ಟುವುದರಿಂದ ಇದು ಕಣ್ಣಿಗೆ ಬೀಳದೆ ಉಳಿಯುತ್ತದೆ. ಹಗಲು ಎಚ್ಚರವಿದ್ದಾಗ ಬೆರಳಲ್ಲಿ 98 ಇರುವವರಿಗೆ ರಾತ್ರಿ ಉಸಿರು ನಿಂತ ಪ್ರತಿಬಾರಿಯೂ 90ಕ್ಕಿಂತ ಕೆಳಗೆ ಇಳಿಯಬಹುದು. ಗಂಟೆಗೆ ಹತ್ತಾರು ಬಾರಿ, ವರ್ಷಗಟ್ಟಲೆ. ಕಾಲುವೆಯ ಕೊನೆಯ ಹೊಲಕ್ಕೆ ದಿನವೂ ರಾತ್ರಿ ನೀರು ನಿಲ್ಲಿಸಿದ ಹಾಗೆ. ನಿದ್ರೆಯ ಪರೀಕ್ಷೆ ಮಾಡಿಸಿ. ಅಪ್ನಿಯಾ ಇದ್ದರೆ ಅದಕ್ಕೆ ಸಿಪ್ಯಾಪ್ ಎಂಬ, ನಿದ್ದೆಯಲ್ಲಿ ಮಾಸ್ಕ್ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ಒಳ್ಳೆಯ ಚಿಕಿತ್ಸೆ ಇದೆ. ಸತ್ತ ತಂತು ಮರಳುವುದಿಲ್ಲ, ಆದರೆ ಸುಸ್ತು ಇಳಿಯಬಹುದು. ಪರೀಕ್ಷೆಯ ದಿನ ಸಿಗುವವರೆಗೆ ಒಂದು ರಾತ್ರಿ ಅಕ್ಕನ ಪಕ್ಕದಲ್ಲಿ ಕುಳಿತು ಉಸಿರು ಎಷ್ಟು ಸಲ ನಿಲ್ಲುತ್ತದೆ ನೋಡಿ, ಆಗ ಆಕೆಯ ಬೆರಳಿಗೆ ಆ ಆಕ್ಸಿಮೀಟರ್ ಹಾಕಿರಿ.